ಮಾಜೀದನ ಬೂಟು

ಗುರುಬಸವನ ಮಣ್ಣಾಗಿ, ನೆಂಟರೆಲ್ಲ ಊರಿಗೆ ಹೋದ ಮರುದಿನ ಮುಂಜಾನೆ ಅವನ ಹೆಂಡತಿ ಮಲ್ಲೇಶ್ವರಿ ಕೊಪ್ಪಳದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮುಚ್ಚಿದ ಬಾಗಿಲ ಹೊರಗೆ ಗಂಡನ ಕಾರ್ಖಾನೆಯ ಇಬ್ಬರು ಹುಡುಗರ ದನಿ ಕೇಳಿಸಿತು.

“ನಿನ್ನ ಬೂಟು ನೀ ಕೇಳಾಕ ಏನಲೇ ಮಾಜೀದ?”

“ಗುರುಬಸಣ್ಣನವು ಹರದ ಮ್ಯಾಲೆ ನನ್ನವನ್ನ ಇಬ್ರೂ ಪಾಳಿಮ್ಯಾಲೆ ಹಾಕ್ಕೋತಿದ್ವಿ. ಕಡೀ ಪಾಳಿ ಮುಗಿಸಿ ಅಣ್ಣನ ಮನೀಗೆ ಹಾಕ್ಕೊಂಡು ಬಂದಿದ್ದ. ಸತ್ತ ಮನ್ಯಾಗ ಹೆಂಗ ಬಾಯಿ ಬಿಡ್ಲಿ?”

“ಬೂಟಿಲ್ದ ಗೇಟಿನೊಳಗ ಬಿಡೂದಿಲ್ಲ. ಇವತ್ತೂ ಹೋಗ್ಲಿಲ್ಲಂದ್ರ ಕೆಲಸದಿಂದ ತೆಗೀತಾರ.”

“ತೆಗೀಲಿ.”

“ಈಗಿನ ಹುಡುಗ್ರು ಮೈಗಳ್ರು ಅಂತಾನ ಸೂಪರ್‌ವೈಸರ್.”

“ಅನ್ಲಿ. ಅಕ್ಕನ ಮುಂದ ನಿಂತು ಕೇಳಾಕ ನನ್ನ ಕೈಲಾಗೂದಿಲ್ಲ. ನಡಿ.”

ಹೆಜ್ಜೆಗಳು ದೂರವಾದವು. ಮಲ್ಲೇಶ್ವರಿ ಬಾಗಿಲ ಮೂಲೆಯಲ್ಲಿದ್ದ ಬೂಟಿನೊಳಗೆ ಗಂಡ ತುರುಕಿಟ್ಟಿದ್ದ ಕಾಲುಚೀಲ ತೆಗೆದಿಟ್ಟುಕೊಂಡು, ಓಡಿಹೋಗಿ ಬೂಟನ್ನು ಮಾಜೀದನ ಕೈಗಿಟ್ಟಳು.

“ಲಗೂ ಹೋಗೋ ತಮ್ಮಾ, ಗೇಟ್ ಹಾಕ್ತಾರ.”