ನಡುವೆ ಮಗಳಿದ್ದಾಳಲ್ಲ

ಆಗಲ್ಲಪ್ಪ! ಎಷ್ಟು ಸಲ ಹೇಳಲಿ, ಆಗಲ್ಲ ಅಂದ್ರೆ ಆಗಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ ಅಂದ ಮಾತ್ರಕ್ಕೆ ನಾನೇನು ಅಂಜನ ಹಾಕಿ ನೋಡ್ತೀನಾ? ನಿನ್ನ ಸೇಫ್ಟಿ ಆಫೀಸಿಗೆ ಬಂದಿದ್ದು ಹೆಸರಿಲ್ಲದ ಮೇಲ್. ಯಾರು ಬರೆದ್ರು, ಎಲ್ಲಿ ಕೂತು ಬರೆದ್ರು, ಯಾವುದೂ ಹೊರಗೆ ಬರಲ್ಲ. ಬಿಟ್ಬಿಡು ಅತ್ಲಾಗೆ. ಮೊದಲು ಆ ಹೆಲ್ಮೆಟ್ ಕೆಳಗಿಡು. ಮೂವತ್ತೊಂದು ವರ್ಷ ತಲೆ ಮೇಲಿದ್ದದ್ದು, ಅವರು ಕ್ರೇನಿಂದ ಇಳಿಸಿ ಕಳಿಸಿದ ಮೇಲೆ ತೊಡೆ ಮೇಲಿಟ್ಕೊಂಡು ಮಗೂನ ಸವರೋ ಹಾಗೆ ಸವರ್ತಾ ಕೂತಿದೀಯ… ನೋಡೋಕಾಗಲ್ಲ ನನಗೆ.

ಚಹಾ ಆರ್ತಿದೆ. ಎಡಗಡೆ. ಇನ್ನೂ ಸ್ವಲ್ಪ ಎಡಕ್ಕೆ… ಹಾಂ.

ಯಾಕಾಗಲ್ಲ ಅಂತನಾ? ಸರಿ, ನಿನ್ನ ಯಾರ್ಡಿನ ಲೆಕ್ಕದಲ್ಲೇ ಹೇಳ್ತೀನಿ. ಮೂರು ಕ್ರೇನ್ ಇವೆ ಅನ್ಕೋ, ನಡುನಡುವೆ ಎತ್ತರದ ಗೋಡೆ. ಮೊದಲನೆಯವನು ಲಾರಿಯಿಂದ ಮೂಟೆ ಎತ್ತಿ ಗೋಡೆಯಾಚೆ ಇಡ್ತಾನೆ. ಎರಡನೆಯವನು ಅದನ್ನೆತ್ತಿ ಇನ್ನೊಂದು ಗೋಡೆಯಾಚೆ ಇಡ್ತಾನೆ. ಮೂರನೆಯವನು ಹಡಗಿಗೆ ಇಳಿಸ್ತಾನೆ. ಮೊದಲನೆಯವನಿಗೆ ಲಾರಿ ಯಾರದು ಅಂತ ಗೊತ್ತು, ಹಡಗು ಯಾವುದು ಅಂತ ಗೊತ್ತಿಲ್ಲ. ಮೂರನೆಯವನಿಗೆ ಹಡಗು ಗೊತ್ತು, ಲಾರಿ ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಹೀಗಿರುವಾಗ ನಿನ್ನ ಸೇಫ್ಟಿ ಆಫೀಸಿನವರು ಯಾರನ್ನ ಹಿಡಿದು ಕೇಳ್ತಾರೆ? ಇಂಥದ್ದೊಂದು ಜಾಲ ಇದೆಯಪ್ಪ ಇಂಟರ್ನೆಟ್ಟಲ್ಲಿ. ಗುರುತು ಮುಚ್ಚಿಕೊಳ್ಳೋರಿಗೆ ಅಂತಲೇ ಇರೋದು. ಆ ಮೇಲ್ ಬಂದಿದ್ದು ಅದರಲ್ಲೇ…

ಏನು?

ನನಗೆ ಹೇಗೆ ಗೊತ್ತು ಅಂದ್ರೆ… ಅಯ್ಯೋ, ಊಹೆ! ಹೆಸರಿಲ್ಲದೆ ಬರೆಯೋರು ಇನ್ನು ಹೇಗೆ ಬರೀತಾರೆ? ಯಾಕೆ ನಗ್ತಿದೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ ಅಂತ ತಾನೆ? ನಗು, ನಗು. ಬೆಳಗ್ಗೆಯಿಂದ ಮೊದಲನೇ ಸಲ ನಗ್ತಿದೀಯ, ಅದಕ್ಕಾದರೂ ನಾನು ಕಳ್ಳಿ ಆಗ್ತೀನಿ ಬಿಡು.

ಇಲ್ಲಪ್ಪ, ನಿನ್ನ ಫೋನಿಂದ ಸೋರಿಲ್ಲ. ಅದು ಖಂಡಿತ ಅಲ್ಲ. ಆ ಭಯಕ್ಕೇ ತಾನೆ ನೀನು ನನ್ನ ಹತ್ರ ಬಂದಿದ್ದು? ಕ್ವಾರ್ಟರ್ಸಿನ ಇಂಟರ್ನೆಟ್ ಕಂಪನಿದು, ಏನು ಹುಡುಕಿದ್ರೂ ಆಫೀಸಿಗೆ ಕಾಣುತ್ತೆ, ನನಗೊಂದು ಮರೆ ಮಾಡಿಕೊಡು ಮಗಳೇ ಅಂದೆ. ಏನು ಹುಡುಕ್ತೀಯ ಅಂತ ನಾನು ಕೇಳಲಿಲ್ಲ. ನೀನೂ ಹೇಳಲಿಲ್ಲ. ನನ್ನ ಕೋಣೆಯ ಹಳೇ ಕಂಪ್ಯೂಟರಿಗೆ ನನ್ನ ಸ್ವಂತ ಸಿಮ್ಮಿನ ಇಂಟರ್ನೆಟ್ ಹಾಕಿ ಪ್ರಾಕ್ಸಿ ಮಾಡಿ ಕೊಟ್ಟೆ. ನೀನು ಕೇಳಿದ್ದನ್ನೆಲ್ಲ ನನ್ನ ಪೆಟ್ಟಿಗೆ ನಿನ್ನ ಪರವಾಗಿ ಹೋಗಿ ತರುತ್ತೆ, ಕಂಪನಿಯವರಿಗೆ ನನ್ನ ಪೆಟ್ಟಿಗೆ ಮಾತ್ರ ಕಾಣುತ್ತೆ, ಅದರಾಚೆ ಏನೂ ಕಾಣಲ್ಲ ಅಂದೆ. ಅದಕ್ಕೆ ನೀನೇನಂದೆ, ನೆನಪಿದೆಯಾ? "ನಡುವೆ ಮಗಳಿದ್ದಾಳಲ್ಲ, ಇನ್ನೇನು ಭಯ" ಅಂದೆ.

ಹಾಗೆ ನೋಡಬೇಡ. ಪೆಟ್ಟಿಗೆಯಲ್ಲಿ ಏನೂ ಉಳಿಯಲ್ಲ. ಉಳಿದ್ರೂ ಯಾರು ನೋಡ್ತಾರೆ? ಕೆಲಸ ಇಲ್ವಾ ನನಗೆ?

ಆ ಮೂರು ಕ್ರೇನಿನ ಜಾಲವನ್ನೇ ನಿನಗ್ಯಾಕೆ ಹಾಕಿಕೊಡಲಿಲ್ಲ ಅಂತೀಯಾ… ಅದು ನಿಧಾನ ಅಪ್ಪ. ಒಂದು ಪುಟ ತೆರೆಯೋಕೆ ಒಂದು ಲೋಟ ಚಹಾ ಮುಗಿಯುತ್ತೆ. ನಿನಗೆಲ್ಲಿದೆ ಅಷ್ಟು ತಾಳ್ಮೆ? ಅದಕ್ಕೇ. ಅಷ್ಟೇ. ಬೇರೆ ಕಾರಣ ಏನಿರುತ್ತೆ?

…ಬೆಲ್ಲು. ಅವರೇ ಇರಬೇಕು, ಸಿಗ್ನಲ್ ಮಾಮ. ಮಧ್ಯಾಹ್ನದಿಂದ ಮೂರನೇ ಸಲ. ಕೂತ್ಕೋ, ಏಳಬೇಡ! ಬಾಗಿಲು ತೆಗೆಯೋದು ಬೇಡ ಅಂತ ನೀನೇ ಅಂದಿದ್ದೆ ತಾನೆ. ಈಗ ಹೋಗಿ ಕೊರಳಪಟ್ಟಿ ಹಿಡೀತೀಯಾ? ಅವರೇ ಬರೆದ್ರು ಅಂತ ಏನು ಗ್ಯಾರಂಟಿ?

ಗೊತ್ತು, ಗೊತ್ತು. ನಿನ್ನ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡೋರು ಅವರೊಬ್ಬರೇ. ಹೋದ ತಿಂಗಳು ಪೈಪಿನ ಕಟ್ಟು ಅವರ ತಲೆ ಪಕ್ಕದಲ್ಲೇ ಬೀಸಿಕೊಂಡು ಹೋಗಿದ್ದು ನಿನ್ನ ತಪ್ಪಿಂದ ಅಂತ ಯಾರ್ಡಲ್ಲಿ ನಿಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅವರು ರಿಪೋರ್ಟಲ್ಲಿ ಗಾಳಿ ಅಂತ ಬರೆಸಿ ನಿನ್ನನ್ನ ಉಳಿಸಿದ್ರು. ಆಮೇಲೆ ಇಲ್ಲಿಗೆ ಬಂದು, "ಹದ್ದು ಈವತ್ತು ನನ್ನ ತಲೆ ಬಾಚ್ಬಿಟ್ಟ ಕಣಮ್ಮ" ಅಂತ ನಕ್ಕರು. ಇಡೀ ಯಾರ್ಡು ನಿನ್ನನ್ನ ಹದ್ದು ಅನ್ನುತ್ತೆ, ಹದ್ದಿನ ಕಣ್ಣು ಅಂತ. ಅವರು ನಗ್ತಿದ್ರು, ಆದರೆ ಚಹಾನ ಒಂದು ಗುಟುಕೂ ಕುಡಿಯದೆ ಲೋಟ ಹಾಗೇ ಕೆಳಗಿಟ್ರು. ನೀನು ನೋಡಲಿಲ್ಲ. ನಿನಗೆ ಕಾಣಲಿಲ್ಲ… ನಾನು ನೋಡಿದೆ.

ಇಲ್ಲ, ಅವರ ಪರ ವಹಿಸ್ತಿಲ್ಲ. ಬೆಳಗ್ಗೆ "ಇರಬಹುದು" ಅಂದವಳು ನಾನೇ, ಹೌದು. ನೀನು "ಅವನೇನಾ?" ಅಂದೆ, ನಾನು "ಇರಬಹುದು" ಅಂದೆ. ಇರಬಹುದು ಅನ್ನೋದಕ್ಕೂ ಹೌದು ಅನ್ನೋದಕ್ಕೂ ವ್ಯತ್ಯಾಸ ಇದೆಯಪ್ಪ… ಇದೆಯಲ್ವಾ?

ಏನದು ಜೇಬಿಂದ? ಅದೇನಾ ಆ ಮೇಲ್‌ನ ಪ್ರತಿ? ಈ ಕಾಗದ ಕೊಟ್ಟು ಕಳಿಸಿದ್ರಾ ನಿನ್ನ ಕೈಲಿ? ಓದಬೇಕಾ. ನಾನು… ಈಗಲೇನಾ? ಓದಿ ಏನು ಸಿಗುತ್ತೆ? ಗಾಯ ಕೆರೆದುಕೊಳ್ಳೋ ಕೆಲಸ. ಅಮ್ಮ ಚಿಕ್ಕಮ್ಮನ ಮನೆಯಿಂದ ನಾಳೆ ಬರ್ತಾಳೆ, ಅವಳ ಹತ್ರ ಓದಿಸಿದ್ರೆ… ಸರಿ, ಸರಿ. ಕೊಡು. ಬೇರೆಯವರ ಬಾಯಲ್ಲಿ ಕೇಳೋಕಿಂತ ಮಗಳ ಬಾಯಲ್ಲಿ ಕೇಳ್ತೀನಿ ಅಂದ್ರೆ ನಾನೇನು ಹೇಳಲಿ.

"ಸೇಫ್ಟಿ ಅಧಿಕಾರಿಗಳಿಗೆ. ನಿಮ್ಮ ಎರಡನೇ ಯಾರ್ಡಿನ ಹಿರಿಯ ಕ್ರೇನ್ ಆಪರೇಟರಿಗೆ ಕಣ್ಣಿನ ದೃಷ್ಟಿ ಕುಂದುತ್ತಿದೆ. ನೇರವಾಗಿ ನೋಡಿದರೆ ನಡುಭಾಗ ಮಸುಕು, ಅಂಚು ಮಾತ್ರ ಸ್ಪಷ್ಟ. ಅವರು ಒಳ್ಳೆಯ ಕೆಲಸಗಾರರು. ಅವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ…"

ದ್ವೇಷ ಇಲ್ಲವಂತೆ ನೋಡು. ಕೇಳಿಸ್ಕೊಂಡೆಯಾ ಅದನ್ನ?

"ಕಳೆದ ವರ್ಷದ ಕಣ್ಣಿನ ಪರೀಕ್ಷೆಯನ್ನು ಅವರು ಅಕ್ಷರದ ಚಾರ್ಟನ್ನು ಬಾಯಿಪಾಠ ಮಾಡಿ ಪಾಸಾಗಿರಬಹುದು. ದಯವಿಟ್ಟು ಬೇರೆ ಚಾರ್ಟಿನಲ್ಲಿ ಪರೀಕ್ಷಿಸಿ…"

ಮತ್ತೆ ಬೆಲ್ಲು! ಏಳಬೇಡಪ್ಪ, ಏಳಬೇಡ, ಕೂತ್ಕೋ, ಇನ್ನೂ ಮುಗಿದಿಲ್ಲ. ಪೂರ್ತಿ ಕೇಳು ಅಂದೆ! ಮಾಮ ನಿಂತಿರಲಿ ಬಾಗಿಲಲ್ಲಿ, ಆ ಕಡೆ ಹೋಗಬೇಡ. ಕೇಳು, "ಬೇರೆ ಚಾರ್ಟಿನಲ್ಲಿ ಪರೀಕ್ಷಿಸಿ. ಮನೆಯಲ್ಲಿ ಅವರು ಲೋಟಕ್ಕೆ ನೀರು ಸುರಿದರೆ ಪಕ್ಕಕ್ಕೆ ಬೀಳುತ್ತದೆ, ಯಾರೂ ನೋಡುವ ಮೊದಲು ತೋಳಿನಿಂದ ಒರೆಸಿಬಿಡುತ್ತಾರೆ. ಅವರು ಎತ್ತುವ ಭಾರದ ಕೆಳಗೆ ಮನುಷ್ಯರು ನಿಂತಿರುತ್ತಾರೆ. ಅವರ ಕೈಯಿಂದ ಒಂದು ಜೀವ ಹೋಗುವ ಮೊದಲು ಅವರನ್ನು ಕೆಳಗಿಳಿಸಿ." ಅಷ್ಟೇ. ಮುಗೀತು. ಹೆಸರಿಲ್ಲ, ಸಹಿ ಇಲ್ಲ.

ಅಪ್ಪಾ?

ಯಾಕೆ ಬೆರಳು ಅಲ್ಲಿಟ್ಟೆ? ತೆಗಿ, ನೋಡೋಣ. ಇಲ್ಲೇನಿದೆ, ಇಲ್ಲಿ…

ಕಪ್ಪು.

ಇಲ್ಲಿ ಕಪ್ಪು ಬಳಿದಿದಾರೆ. ಎರಡು ಸಾಲು, ಮಾರ್ಕರಲ್ಲಿ. ನೀರಿನ ಮಾತು ಇಲ್ಲ. ತೋಳಿನ ಮಾತು ಇಲ್ಲ. ಬರೆದವರ ಗುರುತು ಹತ್ತಬಾರದು ಅಂತ ಆಫೀಸಿನವರು ಆ ಸಾಲುಗಳನ್ನ ಮುಚ್ಚಿ ಕೊಟ್ಟಿದಾರೆ. ನಾನು ಬಾಗಿಲ ಕಡೆ ನೋಡ್ತಾ ಅದನ್ನೂ ಓದಿಬಿಟ್ಟೆ…

ಅಕ್ಷರ ಕಾಣಲ್ಲ ನಿನಗೆ. ಆದರೆ ಇಷ್ಟು ದಪ್ಪದ ಪಟ್ಟಿ ಕಾಣುತ್ತೆ, ಅಲ್ವಾ? ಕಣ್ಣಂಚಲ್ಲಿ ಕಾಣುತ್ತೆ. ಮೊದಲೇ ನೋಡಿದ್ದೆ ನೀನು. ಅದಕ್ಕೇ ಓದಿಸಿದೆಯಾ? ಬೈಯಿ, ಅಪ್ಪ.

ನಿಧಾನ ಅಂದಿದ್ದು ಸುಳ್ಳು. ಆ ಜಾಲ ಅಷ್ಟೇನೂ ನಿಧಾನ ಇಲ್ಲ. ಅದನ್ನೇ ಹಾಕಿಕೊಟ್ಟಿದ್ರೆ ನೀನು ಎಲ್ಲಿ ಹೋದೆ, ಏನು ನೋಡಿದೆ, ನನಗೂ ಗೊತ್ತಾಗ್ತಿರಲಿಲ್ಲ. ಗೊತ್ತಾಗಲಿ ಅಂತಲೇ ನನ್ನ ಪೆಟ್ಟಿಗೆ ಕೊಟ್ಟೆ. ಅಪ್ಪ ಏನನ್ನ ಇಷ್ಟು ಮುಚ್ಚಿಡ್ತಾನೆ ಅಂತ… ಮೊದಲು ಬರೀ ಕುತೂಹಲ. ಥೂ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ವಿಳಾಸದ ಪಕ್ಕ ಬೀಗದ ಗುರುತು ಇರೋ ಸೈಟಿನ ಒಳಗಡೆ ಕಾಣಲ್ಲ, ಹೆಸರು ಮಾತ್ರ ಕಾಣುತ್ತೆ. ಕಣ್ಣಾಸ್ಪತ್ರೆ, ಕಣ್ಣಾಸ್ಪತ್ರೆ, ಇನ್ನೊಂದು ಕಣ್ಣಾಸ್ಪತ್ರೆ. ಆಮೇಲೆ ಬೀಗ ಇಲ್ಲದ ಒಂದು ಹಳೇ ಸೈಟು, ಪರೀಕ್ಷೆಯ ಚಾರ್ಟುಗಳದ್ದು. ಒಂದೇ ಚಾರ್ಟನ್ನ ನಲವತ್ತು ಸಲ ತೆರೆದಿದ್ದೆ. ನಲವತ್ತು ಸಲ, ಅಪ್ಪ! ಮೂಗಿನ ಹತ್ರ ಫೋನ್ ಹಿಡ್ಕೊಂಡು, ಕತ್ತು ವಾಲಿಸಿಕೊಂಡು, ಅಷ್ಟುದ್ದದ ಮನುಷ್ಯ ಮಗ್ಗಿ ಕಲಿಯೋ ಹುಡುಗನ ಹಾಗೆ… ನಾನು ಪಕ್ಕದ ಕೋಣೆಯಲ್ಲಿ ಕೂತು ಎಣಿಸ್ತಿದ್ದೆ.

ಬಂದು ಕೇಳಬಹುದಿತ್ತು. ಎಂಟು ಹೆಜ್ಜೆ. "ಅಪ್ಪ, ಕಣ್ಣಿಗೇನಾಗಿದೆ?" ಅಂತ ಒಂದು ಮಾತು. ಕೇಳಿದ್ರೆ, ನಿನಗೆ ಹೇಗೆ ಗೊತ್ತು ಅಂತ ಕೇಳ್ತಿದ್ದೆ ನೀನು. ಆ ಒಂದು ಪ್ರಶ್ನೆಗೆ ಹೆದರಿ ಲ್ಯಾಬಿಗೆ ಹೋಗಿ, ಮೂರು ಕ್ರೇನ್ ದಾಟಿಸಿ ನಿನ್ನ ಆಫೀಸಿಗೇ ಬರೆದೆ. ನನಗೆ ಮಾತ್ರ ಒಳ್ಳೇ ಮರೆ, ನೋಡು.

ನಿನ್ನನ್ನ ಇಳಿಸಬೇಕಿತ್ತು. ಅದನ್ನ ನಾನು ಈಗಲೂ ಹೇಳ್ತೀನಿ. ಪೈಪು ಒಂದು ಗೇಣು ಈ ಕಡೆ ಬಂದಿದ್ರೆ ಮಾಮ ಇವತ್ತು ಬೆಲ್ಲು ಒತ್ತೋಕೆ ಇರ್ತಿರಲಿಲ್ಲ. ಇಳಿಸಿದ್ದಕ್ಕೆ ನಾಚಿಕೆ ಇಲ್ಲ ನನಗೆ. ಬೆಳಗ್ಗೆ "ಇರಬಹುದು" ಅಂದೆನಲ್ಲ, ಅದಕ್ಕೆ… ಅದೊಂದು ಮಾತಿಗೆ ನೆಲ ಬಾಯಿ ಬಿಟ್ರೆ ಇಳಿದುಬಿಡ್ತೀನಿ. ತಲೆ ಒಡೆಯೋದರಲ್ಲಿದ್ದಾಗಲೂ ನಿನ್ನ ಹೆಸರು ಹೇಳದೆ ಗಾಳಿ ಅಂದ ಮನುಷ್ಯ. ಅವರ ಹೆಗಲಿಗೆ ಹೊರಿಸಿ ನಾನು ನಿನಗೆ ಚಹಾ ಮಾಡಿಕೊಟ್ಟೆ.

ಚಾರ್ಟು ನೋಡದೆ ಒಪ್ಪಿಸಿದೆ ನೀನು. ಕಾಗದ ನೋಡದೆ ಒಪ್ಪಿಸಿದೆ ನಾನು. ನಿನ್ನ ಮಗಳೇ ಬಿಡು, ಬೇರೆ ಯಾರ ಮಗಳಾಗ್ತೀನಿ?

ಇದಕ್ಕೂ ನಗಲ್ವಾ.

…ಬೆಲ್ಲು ನಿಂತಿದೆ, ಆದರೆ ಅವರು ಹೋಗಿಲ್ಲ. ಚಪ್ಪಲಿ ಸದ್ದು ಇಲ್ಲ. ಬಾಗಿಲು ನಾನೇ ತೆಗೀತೀನಿ. ನಾನೇ ಹೇಳ್ತೀನಿ ಮಾಮನಿಗೆ, ನಿಮ್ಮ ಸ್ನೇಹಿತ ನಿಮ್ಮನ್ನ ಅನುಮಾನಿಸಿದ್ದು ನನ್ನಿಂದ ಅಂತ. ನೀನು ಕೂತಿರು. ಆದರೆ ಹೋಗೋ ಮೊದಲು ಒಂದು…

ಹಾಗೆ ನೋಡಬೇಡ ಅಪ್ಪ. ನೇರ ನೋಡಬೇಡ. ನೇರ ನೋಡಿದ್ರೆ ನಿನಗೆ ನನ್ನ ಮುಖ ಕಾಣಲ್ಲ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ನಿನಗೂ ಗೊತ್ತಾಯ್ತು ಈಗ.

ಕತ್ತು ವಾಲಿಸು. ಸ್ವಲ್ಪ… ಒಂದು ಚೂರು.

ಅಪ್ಪಾ, ವಾಲಿಸು.