ಮಲಗಗೊಡದ ಫೋನು

ಜವಳಿ ಪೇಟೆಯಲ್ಲಿ ಒಬ್ಬ ಸಾಹುಕಾರ. ಅಂಗಡಿ ತುಂಬ ಸೀರೆ, ಮನೆಗೆ ಮಾತ್ರ ಒಬ್ಬಳೇ ಮಗಳು. ಅವಳದು ಎರಡನೇ ಹೆರಿಗೆ. ಪದ್ಧತಿಯಂತೆ ದೂರದ ಊರಿನ ಗಂಡನ ಮನೆಯಲ್ಲಿ. ಮೊದಲ ಹೆರಿಗೆಯಲ್ಲಿ ಬಹಳ ನೊಂದ ಹುಡುಗಿ ಅಪ್ಪನಿಂದ ಒಂದು ಮಾತು ತೆಗೆದುಕೊಂಡಿದ್ದಳು: ಆಸ್ಪತ್ರೆಯ ಹೆರಿಗೆ ಕೋಣೆಗೆ ಹೋಗುವ ಮುಂಚೆ ಫೋನು ಮಾಡುತ್ತೇನೆ, ನೀನು ಧೈರ್ಯ ಹೇಳಬೇಕು.

ಸಾಹುಕಾರ ಫೋನು ಹಿಡಿದು ಕೂತ. ಸುಮ್ಮನಿದ್ದರೆ ಅದರ ಪರದೆ ಕಪ್ಪಾಗುತ್ತದೆ, ಇವನ ಎದೆ ಧಸಕ್ಕೆನ್ನುತ್ತದೆ. ಮಲಗಿದ ಫೋನಿಗೆ ಮಗಳ ಕರೆ ಹೇಗೆ ಕೇಳೀತು? ಪರದೆ ಆರದ ಹಾಗೆ ಮಾಡಿಸಿದ, ಬೆಳಕು ಪೂರ್ತಿ ಏರಿಸಿದ. ಕೈಯಿಂದ ಕೆಳಗಿಟ್ಟರೆ ಎಲ್ಲಿ ಕರೆ ತಪ್ಪೀತೋ ಎಂದು ಚಾರ್ಜಿಗೂ ಇಡಲಿಲ್ಲ. ತಾನೂ ಮಲಗಲಿಲ್ಲ.

ಹೆಂಡತಿಯದೂ ಅಂಥದೇ ಫೋನು. ಅಕ್ಕಿ ಡಬ್ಬಿಯ ಮೇಲೆ ಕಪ್ಪಗೆ ಬಿದ್ದುಕೊಂಡಿತ್ತು.

“ನಿನ್ನ ಫೋನು ನಿನ್ನ ತಮ್ಮನ ಥರಾನೇ. ಮಲಗೋದೇ ಕೆಲಸ.”

“ಮಲಗಿದ್ರೇನ್ರೀ, ಊಟಕ್ಕೆ ಕರೆದ್ರೆ ಎದ್ದು ಬರಲ್ವಾ ಅವನು?”

ಮರುದಿನ ಮಧ್ಯಾಹ್ನ ಸಾಹುಕಾರನ ಫೋನು ಸತ್ತಿತು. ಅದರ ಹಿಂದೆಯೇ ಅವನೂ ಕುರ್ಚಿಯಲ್ಲಿ ಗೊರಕೆ. ಆಗ ಬಂತು ನೋಡಿ ಕರೆ, ಡಬ್ಬಿಯ ಮೇಲಿನದಕ್ಕೆ.

“ಅಮ್ಮಾ, ಒಳಗೆ ಕರೀತಿದ್ದಾರೆ. ಅಪ್ಪಂಗೆ ಕೊಡು.”

ತಾಯಿ ಗಂಡನನ್ನು ಅಲುಗಾಡಿಸಿ ಫೋನನ್ನು ಕಿವಿಗಿಟ್ಟಳು. ಅಷ್ಟು ಕಾದ ಆ ಅಪ್ಪ ಕಣ್ಣು ಮುಚ್ಚಿಕೊಂಡೇ ಏನಂದ ಗೊತ್ತೆ?

“ಅಂಗಡಿ ಮುಚ್ಚಿದೆ. ನಾಳೆ ಬನ್ನಿ.”

ಮಗಳು ನಗುನಗುತ್ತಲೇ ಒಳಗೆ ಹೋದಳು, ಸುಖವಾಗಿ ಹೆತ್ತಳು. ಆದರೆ ಎಚ್ಚರವಾದ ಸಾಹುಕಾರ ಅತ್ತುಬಿಟ್ಟ. ಅವಳು ಕೇಳಿದ್ದು ಒಂದೇ ಒಂದು ಮಾತಲ್ಲವೆ?

ನಗಬೇಡಿ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವರೇ, ನಿಮ್ಮ ಕೈಯಲ್ಲೂ ಒಂದು ಫೋನು ಉರಿಯುತ್ತಿದೆ. ನೋಡಿ, ಫೋನಿನೊಳಗೆ ಉಗುರಿನಷ್ಟು ಚಿಪ್ ಇದೆ. ಕೆಲಸವಿಲ್ಲದ ಭಾಗವನ್ನೆಲ್ಲ ಅದು ಆರಿಸಿಬಿಡುತ್ತದೆ. ಒಂದು ಸಣ್ಣ ಮೂಲೆ ಮಾತ್ರ ಕಿವಿ ತೆರೆದಿರುತ್ತದೆ. ಬಾಣಂತಿ ಲಾರಿಯ ಹಾರನ್ನಿಗೆ ಏಳುವುದಿಲ್ಲ. ಕೂಸು ಕುಂಯ್ ಅಂದರೆ ಎದ್ದು ಕೂರುತ್ತಾಳೆ. ಅಂಥ ನಿದ್ದೆ ಅದು.

ನೀವು? ಮಕ್ಕಳಿಗಾಗಿಯೇ ದುಡಿಯುತ್ತೀರಿ, ಮಕ್ಕಳಿಗಾಗಿಯೇ ದಿನವೆಲ್ಲ ಉರಿಯುತ್ತೀರಿ. ಸಂಜೆ ಅದೇ ಮಗು ಬಂದು ಮೊಣಕಾಲು ಹಿಡಿದರೆ ಏನನ್ನುತ್ತೀರಿ? “ಹೋಗಾಚೆ, ತಲೆ ತಿನ್ನಬೇಡ.” ಪ್ರೀತಿ ಇಲ್ಲವೆ? ಬೇಕಾದಷ್ಟಿದೆ. ಚಾರ್ಜು ಇಲ್ಲ, ಅಷ್ಟೆ.

ಇವತ್ತಿನಿಂದ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಆಫೀಸನ್ನೂ ಬಿಡಿ. ಊಟಕ್ಕೆ ಕೂರುವ ಮುಂಚೆ ಫೋನನ್ನು ಮಲಗಿಸಿ. ಮಕ್ಕಳನ್ನು ಮಲಗಿಸುವ ತನಕ ನೀವು ಎಚ್ಚರವಾಗಿರಿ.