ಕುರ್ಚಿಯ ಮೇಲೆ ಕೆಂಪು ಶಾಲು

ವಾಷಿಂಗ್ಟನ್ ಮೆಟ್ರೋದಲ್ಲಿ ನನ್ನ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. ವಿದೇಶಾಂಗ ನೀತಿಯ ಯಾವುದೋ ಸಂಸ್ಥೆಯಲ್ಲಿ ಕೆಲಸ ಮಾಡುವ ಹುಡುಗಿ. ಜೊತೆಗೆ ಮೈಸೂರಿನಿಂದ ಬಂದ ಸೋದರತ್ತೆ.

“ಆಫ್ರಿಕಾ ಬಗ್ಗೆ ಮೀಟಿಂಗ್ ಅಂದ್ರೂ ಟೇಬಲ್ ಸುತ್ತ ಬರೀ ಬಿಳಿಯರೇ, ಅತ್ತೆ. ಸುಡಾನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಡೆನೀಸ್ ಗೋಡೆ ಪಕ್ಕದ ಕುರ್ಚೀಲಿ.”

“ಕಪ್ಪು ಹುಡುಗಿ ಅಂತಾನಾ?”

“ಹಾಗಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಅವಳು ಬರೋಷ್ಟ್ರಲ್ಲಿ ಟೇಬಲ್ ತುಂಬಿರುತ್ತೆ, ಅಷ್ಟೆ.”

“ನಮ್ಮ ಬಸ್ಸಲ್ಲಾಗಿದ್ರೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಿದ್ವಿ.”

“ಅದನ್ನೇ ನಿನ್ನೆ ಊಟದ ಹೊತ್ತಲ್ಲಿ ಅವಳಿಗೆ ಹೇಳ್ದೆ. ಬಿದ್ದು ಬಿದ್ದು ನಕ್ಕಳು. ಇವತ್ತು ನೋಡಿದ್ರೆ ಎಲ್ಲರಿಗಿಂತ ಮೊದ್ಲೇ ಹೋಗಿ, ಡೈರೆಕ್ಟರ್ ಪಕ್ಕದ ಕುರ್ಚಿಗೇ ಕೆಂಪು ಶಾಲು ಹಾಕಿದಾಳೆ!”

“ಯಾರೂ ತೆಗೀಲಿಲ್ವಾ?”

“ಯಾರಿಗಿದೆ ಧೈರ್ಯ? ಅವಳು ಮಾತಾಡಿದ್ದನ್ನ ಡೈರೆಕ್ಟರೇ ಕೂತು ಬರ್ಕೊಂಡ್ರು.”

“ಭಲೇ! ನೀನು ಗೋಡೆ ಪಕ್ಕಾನಾ?”

“ದಿನಾ ಅಲ್ಲೇ. ಇವತ್ತು ಅವಳ ಪಕ್ಕದ ಕುರ್ಚಿ ಮೇಲೆ ಒಂದು ಛತ್ರಿ ಇತ್ತು. ನಂಗೇಂತ ಇಟ್ಟಿದ್ಲು.”

ಅಷ್ಟರಲ್ಲಿ ಅವರ ಸ್ಟೇಷನ್ ಬಂತು.

“ಅವಳನ್ನ ಮೈಸೂರಿಗೆ ಕರ್ಕೊಂಡ್ ಬಾರೇ,” ಎಂದರು ಅತ್ತೆ, ಬಾಗಿಲ ಕಡೆ ನಡೆಯುತ್ತ. “ಬಸ್ಸಲ್ಲಿ ಅವಳಿಗೆ ನಾನು ಟವೆಲ್ ಹಾಕ್ತೀನಿ.”